ಹದಿನೆಂಟರ ಹುಡುಗನನ್ನು ಅಳೆಯುವ ಬಗೆ: ಕೆನಡಾದ ಹೊಸ ಕನ್ನಡಿಗರಿಗೆ ಹಾಕಿ ಡ್ರಾಫ್ಟ್ ಮತ್ತು ಟ್ರೇಡ್‌ಗಳ ಮಾರ್ಗದರ್ಶಿ

ಟೊರೊಂಟೊ ಸುತ್ತಮುತ್ತ ನೆಲೆಸುವ ಕನ್ನಡಿಗರು ಮೇಪಲ್ ಲೀಫ್ಸ್ ಐಸ್ ಹಾಕಿ ತಂಡದ ಸೋಲು ಗೆಲುವುಗಳನ್ನು ಒಂದೆರಡು ಚಳಿಗಾಲದೊಳಗೆ ತಮ್ಮದಾಗಿಸಿಕೊಳ್ಳುತ್ತಾರೆ. ಆದರೆ ಜೂನ್ ಬಂತೆಂದರೆ ಕಚೇರಿಯಲ್ಲಿ, ಮಕ್ಕಳ ಶಾಲೆಯ ಅಂಗಳದಲ್ಲಿ, ನೆರೆಮನೆಯ ಹಿತ್ತಲಲ್ಲಿ ನಡೆಯುವ ಮಾತು ಆಡುತ್ತಿರುವ ತಂಡವನ್ನು ಬಿಟ್ಟು, ಇನ್ನೂ ತಂಡಕ್ಕೇ ಬಾರದ ಹುಡುಗರ ಕಡೆಗೆ ಹೊರಳುತ್ತದೆ. ಯಾರನ್ನು ಆರಿಸಬೇಕು, ಯಾವ ಪಿಕ್ (ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯಲ್ಲಿ ಹೊಸ ಆಟಗಾರನನ್ನು ಆರಿಸುವ ಸರದಿ) ಬಿಟ್ಟುಕೊಟ್ಟು ಯಾರನ್ನು ತರಬೇಕು ಎಂಬ ಚರ್ಚೆಯಲ್ಲಿ ನಮ್ಮವರು ಬಹುಮಟ್ಟಿಗೆ ಕೇಳುಗರಾಗಿಯೇ ಉಳಿಯುತ್ತಾರೆ. ಬಹಳ ವರ್ಷಗಳಿಂದ ಇಲ್ಲಿದ್ದು, ಈ ಚರ್ಚೆಯನ್ನು ಪಂದ್ಯದಷ್ಟೇ ಪ್ರೀತಿಸುವವನಾಗಿ, ಹೊಸಬರು ಅದರಲ್ಲಿ ಧೈರ್ಯವಾಗಿ ಮಾತನಾಡುವಂತಾಗಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದರ ಸಾರ ಇಷ್ಟೇ: ಆಟಗಾರನ ಅಂಕಗಳಿಗಿಂತ ಮೊದಲು ಕಾಲವನ್ನು ನೋಡಬೇಕು. ಹುಡುಗನ ವಯಸ್ಸು, ಅವನು ಬಲಿಯಲು ಬೇಕಾದ ವರ್ಷಗಳು, ಒಪ್ಪಂದದಲ್ಲಿ ಉಳಿದಿರುವ ಅವಧಿ, ತಂಡ ಲೀಗಿನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆಲ್ಲಬಲ್ಲ ಹಂಗಾಮು, ಈ ನಾಲ್ಕನ್ನು ಸೇರಿಸಿ ನೋಡದೆ ಯಾವ ಡ್ರಾಫ್ಟನ್ನೂ ತಂಡಗಳ ನಡುವಿನ ಆಟಗಾರರ ವಿನಿಮಯವಾದ ಯಾವ ಟ್ರೇಡನ್ನೂ ತೂಗಲಾಗದು.

ಐಪಿಎಲ್ ಹರಾಜನ್ನು ನೋಡಿ ಬಂದವರು ಮೊದಲು ತಿಳಿಯಬೇಕಾದದ್ದು, ಉತ್ತರ ಅಮೆರಿಕದ ಮುಖ್ಯ ಹಾಕಿ ಲೀಗಾದ ಎನ್‌ಎಚ್‌ಎಲ್‌ನ ಡ್ರಾಫ್ಟಿನಲ್ಲಿ ಹಣದ ಕೂಗಾಟವಿಲ್ಲ, ಸರದಿ ಇದೆ. 32 ತಂಡಗಳು ಏಳು ಸುತ್ತುಗಳಲ್ಲಿ ಒಟ್ಟು 224 ಆಯ್ಕೆಗಳನ್ನು ಮಾಡುತ್ತವೆ. ಹಿಂದಿನ ಋತುವಿನಲ್ಲಿ ಸೋತವರಿಗೆ ಸರದಿ ಮೊದಲು ಬರುತ್ತದೆ. ಬೇಕೆಂದೇ ಸೋಲುವವರನ್ನು ತಡೆಯಲು ಪ್ಲೇಆಫ್ ತಲುಪದ ತಂಡಗಳ ನಡುವೆ ಲಾಟರಿ ಎತ್ತುತ್ತಾರೆ. ಈಗಿನ ನಿಯಮದಂತೆ ಲಾಟರಿ ಗೆದ್ದ ತಂಡ ಹತ್ತು ಸ್ಥಾನಗಳಿಗಿಂತ ಹೆಚ್ಚು ಮೇಲೇರುವಂತಿಲ್ಲ, ಕೊನೆಯ ತಂಡ ಮೂರನೆಯ ಸ್ಥಾನಕ್ಕಿಂತ ಕೆಳಗೆ ಜಾರುವಂತಿಲ್ಲ, ಮತ್ತು ಆ ಕೊನೆಯ ತಂಡಕ್ಕೂ ಮೊದಲ ಆಯ್ಕೆ ದೊರೆಯುವ ಸಾಧ್ಯತೆ ಶೇ. 25.5 ಮಾತ್ರ. 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಹತ್ತನೆಯ ಸ್ಥಾನದಿಂದ ನೇರವಾಗಿ ಮೊದಲನೆಯದಕ್ಕೆ ಏರಿತು. ಆದ್ದರಿಂದ ಫೆಬ್ರುವರಿಯಲ್ಲೇ "ಈ ವರ್ಷ ಸೋತರೆ ಒಳ್ಳೆಯದು" ಎನ್ನುವ ಅಭಿಮಾನಿಗಳ ಮಾತಿಗೆ ನೀವು ಬೆಲೆ ಕೊಡಬೇಕಿಲ್ಲ. ನಾಲ್ಕರಲ್ಲಿ ಒಂದು ಪಾಲಿನ ಭರವಸೆಗಾಗಿ ಡ್ರೆಸಿಂಗ್ ರೂಮಿನ ಹುರುಪನ್ನೇ ಕಳೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಬಾರಿಯಾದ ಬಾಬತ್ತು.

ಇನ್ನು ವಯಸ್ಸು. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬುವವರು ಡ್ರಾಫ್ಟಿಗೆ ಅರ್ಹರು. ಈ ಒಂದು ತಾರೀಕು ಎಷ್ಟೋ ಲೆಕ್ಕಗಳನ್ನು ತಲೆಕೆಳಗು ಮಾಡುತ್ತದೆ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡು ದಿನದ ಅಂತರದಿಂದ 2015ರ ಡ್ರಾಫ್ಟ್ ತಪ್ಪಿಹೋಗಿ, ಅವನು ಒಂದು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಯಸ್ಕರ ನಡುವೆ ವೃತ್ತಿಪರ ಹಾಕಿ ಆಡಿ, 2016ರಲ್ಲಿ ಮೊದಲ ಆಯ್ಕೆಯಾಗಿ ಟೊರೊಂಟೊಗೆ ಬಂದ. ಇದಕ್ಕೆ ವಿರುದ್ಧವಾಗಿ, 2025ರಲ್ಲಿ ಐಲ್ಯಾಂಡರ್ಸ್ ಮೊದಲ ಆಯ್ಕೆ ಮಾಡಿದ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಹನ್ನೊಂದು ದಿನ ತಡವಾಗಿ ಹುಟ್ಟಿದ್ದರೂ ಅವನು ಮುಂದಿನ ವರ್ಷದ ಪಟ್ಟಿಗೆ ಸೇರುತ್ತಿದ್ದ. ಹೀಗೆ ಒಂದೇ ಪಟ್ಟಿಯಲ್ಲಿರುವ ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರವಿರಬಹುದು, ಮತ್ತು ಹದಿನೇಳರ ಹರೆಯದಲ್ಲಿ ಒಂದು ವರ್ಷವೆಂದರೆ ಭುಜದ ಬಲ, ಸ್ಕೇಟಿಂಗಿನ ಕಸುವು, ಧೈರ್ಯ ಎಲ್ಲವೂ ಬೇರೆಯಾಗುವ ಕಾಲ. ಇಬ್ಬರದೂ (ಹೊಡೆದ ಗೋಲು, ಗೋಲು ಹೊಡೆಯಲು ಕೊಟ್ಟ ನೆರವು ಎರಡೂ ಸೇರಿ) 80 ಪಾಯಿಂಟುಗಳಾದರೆ, ಜನ್ಮದಿನಾಂಕ ನೋಡಿ ಕಿರಿಯನ ಪರ ವಾಲುವುದು ಸರಿಯಾದ ಕ್ರಮ.

ಪಾಯಿಂಟುಗಳೂ ಎಲ್ಲೆಡೆ ಒಂದೇ ತೂಕದವಲ್ಲ. ಒಂಟಾರಿಯೊ, ಪಶ್ಚಿಮ ಮತ್ತು ಕ್ವಿಬೆಕ್ ಜೂನಿಯರ್ ಲೀಗುಗಳಲ್ಲಿ ತನ್ನ ಓರಗೆಯವರ ಎದುರು ಗಳಿಸಿದ ಅಂಕಕ್ಕೂ ಸ್ವೀಡನ್ನಿನ ಹಿರಿಯರ ಲೀಗಿನಲ್ಲಿ ಮೂರನೆಯ ಸಾಲಿನಲ್ಲಿ ನಿಮಿಷಗಳನ್ನು ಕಾದು ಪಡೆದು ಗಳಿಸಿದ ಅಂಕಕ್ಕೂ ಅಜಗಜಾಂತರ. ಅದರೊಳಗೂ ಪವರ್ ಪ್ಲೇಯಲ್ಲಿ (ದಂಡನೆಯಿಂದಾಗಿ ಎದುರಾಳಿಗೆ ಆಟಗಾರರು ಕಡಿಮೆಯಿರುವಾಗ) ಬಂದದ್ದೆಷ್ಟು, ಐವರ ಎದುರು ಐವರು ಆಡುವಾಗ ಬಂದದ್ದೆಷ್ಟು ಎಂದು ಬಿಡಿಸಿ ನೋಡಬೇಕು; ಏಕೆಂದರೆ ಎನ್‌ಎಚ್‌ಎಲ್‌ಗೆ ಬಂದ ಮೊದಲ ದಿನವೇ ಪವರ್ ಪ್ಲೇಯಲ್ಲಿ ಜಾಗ ಕೊಡುವ ತರಬೇತುದಾರರು ಅಪರೂಪ. ಗಾಯದ ವರ್ಷವನ್ನಂತೂ ಎಚ್ಚರದಿಂದ ಓದಬೇಕು. 2012ರಲ್ಲಿ ಟೊರೊಂಟೊ ಐದನೆಯವನಾಗಿ ಆರಿಸಿದ ಮೋರ್ಗನ್ ರೈಲಿ ಮೊಣಕಾಲಿನ ಗಾಯದಿಂದಾಗಿ ಆ ಋತುವಿನಲ್ಲಿ ಆಡಿದ್ದು 18 ಪಂದ್ಯ ಮಾತ್ರ. ಶೇಫರ್ ಕೂಡ ತನ್ನ ಡ್ರಾಫ್ಟ್ ವರ್ಷದಲ್ಲಿ ಒಂಟಾರಿಯೊ ಲೀಗಿನಲ್ಲಿ ಆಡಿದ್ದು 17 ಪಂದ್ಯ. ಅಂಕಪಟ್ಟಿಯನ್ನಷ್ಟೇ ನಂಬಿದವರು ಇಬ್ಬರನ್ನೂ ಕಡೆಗಣಿಸಿಬಿಡುತ್ತಿದ್ದರು, ಆದರೆ ಹಿಂದಿನ ವರ್ಷಗಳ ಆಟವನ್ನು ಕಣ್ಣಾರೆ ಕಂಡ ಸ್ಕೌಟುಗಳಿಗೆ (ತಂಡಗಳಿಗಾಗಿ ಪ್ರತಿಭೆ ಹುಡುಕುವವರಿಗೆ) ಅಷ್ಟೇ ಪಂದ್ಯಗಳು ಸಾಕಾದವು.

ಕಣ್ಣಾರೆ ನೋಡುವುದು ನಮಗೂ ಕಷ್ಟವಲ್ಲ, ಮತ್ತು ಹೊಸಬರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಲೀಫ್ಸ್ ಆಡುವ ಸ್ಕೋಶಿಯಾಬ್ಯಾಂಕ್ ಅರೀನಾದ ಟಿಕೆಟ್ ದರಕ್ಕೆ ಹೆದರುವ ಕುಟುಂಬಗಳು ಬ್ರಾಂಪ್ಟನ್‌ನ ಸ್ಟೀಲ್‌ಹೆಡ್ಸ್, ಆಶವಾದ ಜನರಲ್ಸ್, ಕಿಚನರ್‌ನ ರೇಂಜರ್ಸ್ ಮುಂತಾದ ಜೂನಿಯರ್ ತಂಡಗಳ ಪಂದ್ಯಕ್ಕೆ ಅದರ ಸಣ್ಣದೊಂದು ಪಾಲಿನ ಖರ್ಚಿನಲ್ಲಿ ಹೋಗಿಬರಬಹುದು. ಅಲ್ಲಿ ಒಬ್ಬ ಡಿಫೆನ್ಸ್‌ಮನ್‌ನನ್ನು ಆರಿಸಿಕೊಂಡು ಒಂದಿಡೀ ಅವಧಿ ಅವನೊಬ್ಬನನ್ನೇ ನೋಡಿ. ಎದುರಾಳಿ ಪಕ್ಕನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು) ಮೂಲೆಗೆ ಅಟ್ಟಿದಾಗ ಅವನು ಬೆನ್ನು ತಿರುಗಿಸಿ ಅದರತ್ತ ಧಾವಿಸುತ್ತಾನೆ; ಹಿಂದಿನಿಂದ ಇಬ್ಬರು ಬೆನ್ನಟ್ಟಿ ಬರುತ್ತಿರುತ್ತಾರೆ. ಒಳ್ಳೆಯ ಹುಡುಗ ಪಕ್ ಮುಟ್ಟುವ ಮೊದಲೇ ಒಮ್ಮೆ ಎಡಭುಜದ ಮೇಲಿನಿಂದ, ಒಮ್ಮೆ ಬಲಭುಜದ ಮೇಲಿನಿಂದ ಹಿಂದೆ ಕಣ್ಣು ಹಾಯಿಸಿ, ಬರುವವನು ಯಾವ ಕಡೆಯಿಂದ ಬರುತ್ತಿದ್ದಾನೆ, ತನ್ನವನು ಎಲ್ಲಿ ಬಿಡುವಾಗಿದ್ದಾನೆ ಎಂದು ಕಂಡುಕೊಂಡಿರುತ್ತಾನೆ. ಅವನ ಸ್ಟಿಕ್ಕಿಗೆ ಪಕ್ ತಾಗುವುದಕ್ಕೂ ಅದು ಅಲ್ಲಿಂದ ಹೊರಡುವುದಕ್ಕೂ ನಡುವೆ ತಡವೇ ಇರುವುದಿಲ್ಲ. ಸಾಧಾರಣ ಹುಡುಗ ಪಕ್ಕನ್ನು ಹಿಡಿದ ಮೇಲೆ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಅವನು ಗಾಜಿನ ಗೋಡೆಗೆ ಒತ್ತಿಹೋಗಿರುತ್ತಾನೆ. ಈ ವ್ಯತ್ಯಾಸ ಯಾವ ಅಂಕಪಟ್ಟಿಯಲ್ಲೂ ನೇರವಾಗಿ ಕಾಣದು, ಆದರೆ ಮೇಲಿನ ಲೀಗಿನ ವೇಗದಲ್ಲಿ ಹುಡುಗ ಉಳಿಯುತ್ತಾನೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಇದೇ ಹೇಳುತ್ತದೆ. ಕೊಡಗಿನ ಮೈದಾನಗಳಲ್ಲಿ ಹಾಕಿ ನೋಡಿ ಬೆಳೆದವರಿಗೆ ಚೆಂಡಿಲ್ಲದ ಆಟಗಾರನ ಚಲನೆಯನ್ನು ಗಮನಿಸುವ ಅಭ್ಯಾಸ ಮೊದಲೇ ಇರುತ್ತದೆ. ಮಂಜಿನ ಮೇಲೂ ಆ ಕಣ್ಣು ಚೆನ್ನಾಗಿ ಕೆಲಸ ಮಾಡುವುದನ್ನು ನಾನು ಗೆಳೆಯರಲ್ಲಿ ಕಂಡಿದ್ದೇನೆ.

ಶ್ರೇಯಾಂಕ ಪಟ್ಟಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎನ್‌ಎಚ್‌ಎಲ್ ಸೆಂಟ್ರಲ್ ಸ್ಕೌಟಿಂಗ್ ಉತ್ತರ ಅಮೆರಿಕದವರಿಗೂ ಹೊರಗಿನವರಿಗೂ, ಸ್ಕೇಟರುಗಳಿಗೂ ಗೋಲಿಗಳಿಗೂ (ಗೋಲ್‌ಕೀಪರುಗಳಿಗೂ) ಬೇರೆಬೇರೆ ಪಟ್ಟಿ ಮಾಡುತ್ತದೆಯಾದ್ದರಿಂದ, ಅಲ್ಲಿ ಹತ್ತನೆಯವನೆಂದರೆ ಡ್ರಾಫ್ಟಿನಲ್ಲಿ ಹತ್ತನೆಯವನೆಂದು ಓದಬಾರದು. ಕ್ರೀಡಾವಾಹಿನಿ ಟಿಎಸ್‌ಎನ್‌ನ ಬಾಬ್ ಮೆಕೆಂಜಿಯವರ ಪಟ್ಟಿ ತಂಡಗಳ ಸ್ಕೌಟುಗಳನ್ನೇ ಕೇಳಿ ಸಿದ್ಧವಾಗುವಂಥದ್ದು. ಯಾರು ಎಷ್ಟನೆಯವರಾಗಿ ಹೋಗಬಹುದು ಎಂಬುದನ್ನು ಅದರಿಂದ ತಿಳಿಯಿರಿ, ಯಾರು ಒಳ್ಳೆಯವರು ಎಂಬುದನ್ನು ನೀವೇ ನೋಡಿ ನಿರ್ಧರಿಸಿ.

ತಂಡದ ಕೊರತೆಗೆ ತಕ್ಕಂತೆ ಆರಿಸಬೇಕೋ, ಲಭ್ಯರಲ್ಲಿ ಉತ್ತಮನನ್ನು ಆರಿಸಬೇಕೋ ಎಂಬ ವಾದ ಪ್ರತಿ ಜೂನ್‌ನಲ್ಲಿ ಏಳುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ಸುತ್ತಿನಲ್ಲಿ ಉತ್ತಮನನ್ನೇ ಆರಿಸಬೇಕು. ಹುಡುಗ ತಂಡಕ್ಕೆ ಬರುವಷ್ಟರಲ್ಲಿ ಇಂದಿನ ಕೊರತೆ ಮಾಯವಾಗಿ ಬೇರೊಂದು ಹುಟ್ಟಿರುತ್ತದೆ. 2017ರಲ್ಲಿ ಕೊಲೊರಾಡೊ ನಾಲ್ಕನೆಯವನಾಗಿ ಆರಿಸಿದ ಕೇಲ್ ಮಕಾರ್ ಆಗ ಆಲ್ಬರ್ಟಾದ ಕೆಳಹಂತದ ಜೂನಿಯರ್ ಲೀಗಿನಲ್ಲಿ ಆಡುತ್ತಿದ್ದ. ತಂಡ ಆತುರಪಡಲಿಲ್ಲ, ಅವನು ಎರಡು ವರ್ಷ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಆಡಿ ಬಲಿತು, 2022ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರನೆನಿಸಿದ. ಕೆಳಗಿನ ಸುತ್ತುಗಳಲ್ಲಂತೂ ತಾಳ್ಮೆಯೇ ಬಂಡವಾಳ. ಟ್ಯಾಂಪಾ ಬೇ ನಿಕಿತಾ ಕುಚೆರೊವ್‌ನನ್ನು 58ನೆಯವನಾಗಿ, ಬ್ರೇಡನ್ ಪಾಯಿಂಟ್‌ನನ್ನು 79ನೆಯವನಾಗಿ ಪಡೆಯಿತು. ವಿನಿಪೆಗ್‌ನ ಗೋಲಿ ಕಾನರ್ ಹೆಲೆಬಕ್ 130ನೆಯವನು. ಗೋಲಿಗಳ ವಿಷಯದಲ್ಲಿ ಟೊರೊಂಟೊದ ಹಳಬರಿಗೆ ಇಂದಿಗೂ ನೋಯುವ ಒಂದು ಕತೆಯಿದೆ: 2005ರಲ್ಲಿ 21ನೆಯವನಾಗಿ ಆರಿಸಿದ ತುಕ್ಕಾ ರಾಸ್ಕ್‌ನನ್ನು ಮರುವರ್ಷವೇ ಬಾಸ್ಟನ್‌ಗೆ ಕೊಟ್ಟು, ತಕ್ಷಣ ಆಡಬಲ್ಲ ಆ್ಯಂಡ್ರೂ ರೇಕ್ರಾಫ್ಟ್‌ನನ್ನು ತಂದರು. ರಾಸ್ಕ್ 2014ರಲ್ಲಿ ಲೀಗಿನ ಶ್ರೇಷ್ಠ ಗೋಲಿಗೆ ಸಲ್ಲುವ ವೆಜಿನಾ ಪ್ರಶಸ್ತಿ ಪಡೆದ. ಗೋಲಿ ಮಾಗಲು ಆರೇಳು ವರ್ಷ ಹಿಡಿದರೂ ಅದು ಅಸಹಜವಲ್ಲ.

ಡ್ರಾಫ್ಟ್ ಆಗದವನ ಬಾಗಿಲೂ ಮುಚ್ಚಿಹೋಗುವುದಿಲ್ಲ. ಬ್ರಿಟಿಷ್ ಕೊಲಂಬಿಯಾದ ಸರ್‍ರೆಯ ಅರ್ಷ್‌ದೀಪ್ ಬೇನ್ಸ್‌ನನ್ನು ಯಾರೂ ಆರಿಸಲಿಲ್ಲ. 2021-22ರಲ್ಲಿ ಅವನು ಪಶ್ಚಿಮ ಜೂನಿಯರ್ ಲೀಗಿನ ಅತಿ ಹೆಚ್ಚು ಪಾಯಿಂಟುಗಳ ಆಟಗಾರನಾದಾಗ, ವಯಸ್ಸಿನಲ್ಲಿ ಉಳಿದವರಿಗಿಂತ ದೊಡ್ಡವನೆಂಬ ರಿಯಾಯಿತಿಯನ್ನು ಕಳೆದೂ ವ್ಯಾಂಕೂವರ್ ಅವನೊಂದಿಗೆ ಒಪ್ಪಂದ ಮಾಡಿಕೊಂಡಿತು, ಮತ್ತು 2024ರಲ್ಲಿ ಅವನು ಎನ್‌ಎಚ್‌ಎಲ್ ಪ್ರವೇಶಿಸಿದ. ಭಾರತೀಯ ಮೂಲದ ಮಕ್ಕಳ ತಂದೆತಾಯಿಗಳಿಗೆ ಇದಕ್ಕಿಂತ ಉಪಯುಕ್ತ ಉದಾಹರಣೆ ನನಗೆ ತಿಳಿದಿಲ್ಲ.

ಟ್ರೇಡಿನ ವಿಷಯಕ್ಕೆ ಬಂದರೆ, ಆಟಗಾರನ ಹೆಸರಿಗಿಂತ ಮೊದಲು ಅವನ ಒಪ್ಪಂದವನ್ನು ಓದಬೇಕು. ಇಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ವೇತನದ ಮಿತಿ, ಬಿಗಿಯಾದದ್ದು. 2025-26ರಲ್ಲಿ ಅದು 9.55 ಕೋಟಿ ಡಾಲರ್ ಇತ್ತು. ಮೊದಲ ಮೂರು ವರ್ಷಗಳ ಎಂಟ್ರಿ ಲೆವೆಲ್ ಒಪ್ಪಂದದಲ್ಲಿ ಹುಡುಗನ ಮೂಲ ವೇತನಕ್ಕೆ ಬಹಳ ಕಡಿಮೆಯಾದ ಮಿತಿ ಇರುವುದರಿಂದ, ಚೆನ್ನಾಗಿ ಆಡುವ ಎಳೆಯ ಆಟಗಾರ ದುಬಾರಿ ತಾರೆಗಳಿರುವ ತಂಡಕ್ಕೆ ಎಲ್ಲರಿಗಿಂತ ಬೆಲೆಬಾಳುತ್ತಾನೆ. ಕೊಡುವ ತಂಡ ವೇತನದ ಅರ್ಧದವರೆಗೆ ತಾನೇ ಹೊತ್ತುಕೊಳ್ಳಬಹುದು. ಹಾಗೆ ಹೊತ್ತುಕೊಂಡರೆ ಅದಕ್ಕೆ ಪ್ರತಿಯಾಗಿ ಹೆಚ್ಚಿನ ಪಿಕ್ ಕೇಳುತ್ತದೆ. ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ಸಾಗಹಾಕಬಾರದೆಂಬ ಷರತ್ತು ಆಟಗಾರನಿಗಿದ್ದರೆ, ಅಭಿಮಾನಿಗಳು ಕಟ್ಟಿದ ಟ್ರೇಡುಗಳಲ್ಲಿ ಅರ್ಧಕ್ಕರ್ಧ ಅಲ್ಲಿಗೇ ಬಿದ್ದುಹೋಗುತ್ತವೆ.

ಮುಂದಿನ ವರ್ಷಗಳ ಪಿಕ್ ಕೊಡುವಾಗ ಷರತ್ತುಗಳನ್ನು ಅಕ್ಷರಕ್ಷರ ಓದಿ. 2017ರ ನವೆಂಬರಿನಲ್ಲಿ ಮ್ಯಾಟ್ ಡುಶೇನ್‌ನನ್ನು ಪಡೆಯಲು ಆಟವಾ ತನ್ನ ಮೊದಲ ಸುತ್ತಿನ ಪಿಕ್ ಒಂದನ್ನು ಕೊಲೊರಾಡೊಗೆ ಒಪ್ಪಿಸಿತು; 2018ರ ಪಿಕ್ ಮೊದಲ ಹತ್ತರೊಳಗೆ ಬಂದರೆ ಅದನ್ನು ಉಳಿಸಿಕೊಂಡು 2019ರದ್ದನ್ನು ಕೊಡಬಹುದೆಂಬ ಷರತ್ತಿತ್ತು. ಆಟವಾ ಕುಸಿಯಿತು. 2018ರಲ್ಲಿ ನಾಲ್ಕನೆಯ ಪಿಕ್ ಉಳಿಸಿಕೊಂಡು ಬ್ರೇಡಿ ಕಚಕ್‌ನನ್ನು ಆರಿಸಿತು, ಮರುವರ್ಷದ್ದನ್ನು ಬಿಟ್ಟುಕೊಟ್ಟಿತು. ಅದೂ ನಾಲ್ಕನೆಯದೇ ಆಗಿ ಕೊಲೊರಾಡೊಗೆ ಬೋವೆನ್ ಬೈರಮ್ ಸಿಕ್ಕ. ಷರತ್ತು ಆಟವಾಗೆ ಅದರ ಮುಂದಿನ ನಾಯಕನನ್ನು ಉಳಿಸಿಕೊಟ್ಟಿತು. ಇಂಥ ಯಾವ ರಕ್ಷಣೆಯೂ ಇಲ್ಲದೆ ಟೊರೊಂಟೊ 2009ರಲ್ಲಿ ಫಿಲ್ ಕೆಸೆಲ್‌ಗಾಗಿ ಎರಡು ಮೊದಲ ಸುತ್ತಿನ ಪಿಕ್ ಮತ್ತು ಒಂದು ಎರಡನೆಯ ಸುತ್ತಿನ ಪಿಕ್ ಕೊಟ್ಟಾಗ, ಅವುಗಳಿಂದ ಬಾಸ್ಟನ್ ಟೈಲರ್ ಸೆಗ್ವಿನ್ ಮತ್ತು ಡೂಗಿ ಹ್ಯಾಮಿಲ್ಟನ್‌ರನ್ನು ಆರಿಸಿತು. ಕೆಸೆಲ್ ಕೆಟ್ಟ ಆಟಗಾರನಾಗಿರಲಿಲ್ಲ, ಇಲ್ಲಿ ಅವನು ಬಹಳ ಗೋಲು ಹೊಡೆದ. ಆದರೆ ತಂಡ ಕಪ್ ಗೆಲ್ಲುವ ಹಂಗಾಮಿನಿಂದ ದೂರವಿದ್ದಾಗ ಅವನನ್ನು ತಂದದ್ದೇ ತೊಡಕಾಯಿತು.

ಅದೇ ಅಳತೆಯಿಂದ 2025ರ ಮಾರ್ಚ್‌ನ ಟ್ರೇಡನ್ನೂ ನೋಡಿ. ಟೊರೊಂಟೊ ಎಳೆಯ ಸೆಂಟರ್ (ನಡುವಿನ ದಾಳಿಗಾರ) ಫ್ರೇಸರ್ ಮಿಂಟೆನ್‌ನನ್ನೂ, ಮೊದಲ ಐದರೊಳಗೆ ಬಂದರೆ ಮಾತ್ರ ಉಳಿಸಿಕೊಳ್ಳಬಹುದಾದ 2026ರ ಮೊದಲ ಸುತ್ತಿನ ಪಿಕ್ಕನ್ನೂ, ನಾಲ್ಕನೆಯ ಸುತ್ತಿನ ಇನ್ನೊಂದನ್ನೂ ಕೊಟ್ಟು ಬಾಸ್ಟನ್‌ನ ಡಿಫೆನ್ಸ್‌ಮನ್ ಬ್ರ್ಯಾಂಡನ್ ಕಾರ್ಲೊನನ್ನು ತಂದಿತು. ಕಾರ್ಲೊನ ಒಪ್ಪಂದ ಇನ್ನೆರಡು ಋತು ಉಳಿದಿತ್ತು, ತಂಡ ಪ್ಲೇಆಫ್‌ಗೆ ಸಜ್ಜಾಗಿತ್ತು. ಅಂದಿನ ಹಂಗಾಮಿಗೆ ಯೋಚನೆ ಅರ್ಥವಾಗುತ್ತದೆ. ಆದರೂ ಬೆಲೆ ಹೆಚ್ಚಾಯಿತೆಂದೇ ನನ್ನ ತೀರ್ಮಾನ. ಅಗ್ಗದ ವೇತನದಲ್ಲಿ ಆಡಬಲ್ಲ ಎಳೆಯ ಸೆಂಟರ್ ಮತ್ತು ಮೊದಲ ಸುತ್ತಿನ ಪಿಕ್ ಎರಡನ್ನೂ ಒಬ್ಬನೇ ಡಿಫೆನ್ಸ್‌ಮನ್‌ಗಾಗಿ ಬಿಡುವ ತಂಡ ಮುಂದಿನ ಹಲವು ವರ್ಷಗಳ ಕೊರತೆಯನ್ನು ಇಂದೇ ಬರೆದಿಟ್ಟಂತೆ.

ಈ ಲೆಕ್ಕಗಳನ್ನು ರೂಢಿಸಿಕೊಳ್ಳಲು ಡಿಸೆಂಬರ್ 26ಕ್ಕೆ ಶುರುವಾಗುವ ವಿಶ್ವ ಜೂನಿಯರ್ ಪಂದ್ಯಾವಳಿಯಿಂದ ಆರಂಭಿಸಿ; ಅಲ್ಲಿ 20ರೊಳಗಿನವರೆಲ್ಲ ಒಂದೇ ಕಡೆ ಕಾಣಸಿಗುತ್ತಾರೆ. ಮಾರ್ಚ್‌ನಲ್ಲಿ ಟ್ರೇಡ್ ಗಡುವು, ಮೇ ತಿಂಗಳಲ್ಲಿ ಲಾಟರಿ, ಜೂನ್ ಕೊನೆಗೆ ಡ್ರಾಫ್ಟ್, ಜುಲೈ 1ಕ್ಕೆ ಒಪ್ಪಂದ ಮುಗಿದವರ ಮಾರುಕಟ್ಟೆ. ಅಕ್ಟೋಬರಿನಲ್ಲಿ "ಒಂಬತ್ತು ಪಂದ್ಯ" ಎಂಬ ಮಾತು ಕೇಳಿಬಂದರೆ, 18 ಅಥವಾ 19ರ ಹುಡುಗ ಹತ್ತನೆಯ ಪಂದ್ಯ ಆಡಿದೊಡನೆ ಅವನ ಒಪ್ಪಂದದ ಒಂದು ವರ್ಷ ಖರ್ಚಾಗುತ್ತದೆಂದೂ, ಅದಕ್ಕೆ ಮೊದಲೇ ಅವನನ್ನು ಜೂನಿಯರ್ ತಂಡಕ್ಕೆ ಮರಳಿಸಿದರೆ ಆ ವರ್ಷ ಉಳಿಯುತ್ತದೆಂದೂ ತಿಳಿಯಿರಿ. ಮರಳಿ ಹೋದವನನ್ನು ನೋಡಲು ಅವನ ಜೂನಿಯರ್ ತಂಡ ಬ್ರಾಂಪ್ಟನ್ ಇಲ್ಲವೇ ಆಶವಾಗೆ ಬರುವ ದಿನವನ್ನು ವೇಳಾಪಟ್ಟಿಯಲ್ಲಿ ಗುರುತಿಸಿಕೊಳ್ಳಿ. ವೃತ್ತಿಪರನಾಗಿ ಲೀಫ್ಸ್‌ನ ಕೆಳಹಂತದ ಮಾರ್ಲೀಸ್ ತಂಡ ಸೇರಿದವನನ್ನು ನೋಡಲು ಗೋ ರೈಲಿನಲ್ಲಿ ಎಕ್ಸಿಬಿಷನ್ ನಿಲ್ದಾಣಕ್ಕೆ ಇಳಿದರೆ ಆ ತಂಡ ಆಡುವ ಕೋಲಿಸಿಯಂ ಅಲ್ಲಿಂದ ನಡಿಗೆಯ ದೂರದಲ್ಲೇ ಇದೆ.