ಏಳು ಫೂಟಿನ ಬಾಗಿಲೊಳಗೆ ಎತ್ತರಿಸಿದ ಥಾರ್

ಗಾಡಿಯ ಎತ್ತರ ಅಳೆದು, ಬಾಗಿಲಿನ ಎತ್ತರ ಅಳೆದು, ಒಂದರಲ್ಲಿ ಒಂದು ಕಳೆದರೆ ಆಯಿತಲ್ಲ ಎಂದು ಹೊರಟರೆ ಲೆಕ್ಕ ತಪ್ಪುವುದು ಖಚಿತ. ಬಾಗಿಲು ದಾಟುವಾಗ ಗಾಡಿ ಮಟ್ಟಸವಾಗಿ ನಿಂತಿರುವುದಿಲ್ಲ. ಶಟರ್ ಇದ್ದ ಬಾಗಿಲಿಗೆ ಲಿಂಟಲ್ (ಬಾಗಿಲ ಮೇಲಿನ ಅಡ್ಡ ತೊಲೆ) ತನಕದ ಪೂರ್ತಿ ಎತ್ತರವೂ ಸಿಗುವುದಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯ ಗ್ಯಾರೇಜಿಗೆ ಮಾಡಿಸಿದ ಕೆಲಸವನ್ನು ಅಳತೆ ಸಮೇತ ಇಲ್ಲಿ ಬರೆದಿದ್ದೇನೆ. ಗಾಡಿ ಹಾರ್ಡ್‌ಟಾಪ್ ಮಹೀಂದ್ರಾ ಥಾರ್, ವೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ) 2450 ಮಿ.ಮೀ. ಬೇರೆ ಗಾಡಿ ಇದ್ದವರು ತಮ್ಮ ವೀಲ್‌ಬೇಸ್ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು.

ಮೊದಲು ಗಾಡಿ. ಕಂಪನಿಯಿಂದ ಬಂದಾಗ ಎತ್ತರ 1.85 ಮೀಟರ್ ಆಸುಪಾಸು. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ 2 ಇಂಚು, ಅಂದರೆ 50 ಮಿ.ಮೀ. ಟೈರು 245/75 ಆರ್16 ಇದ್ದದ್ದು 265/75 ಆರ್16 ಆಯಿತು. ವ್ಯಾಸ 774ರಿಂದ 804ಕ್ಕೆ ಏರಿತು, ಆದರೆ ಗಾಡಿ ಏರುವುದು ಅದರ ಅರ್ಧ, 15 ಮಿ.ಮೀ. ಮಾತ್ರ. ರೂಫ್ ರ‍್ಯಾಕ್ ಮತ್ತು ಅದರ ಕ್ಲಾಂಪು 115 ಮಿ.ಮೀ., ರ‍್ಯಾಕಿನ ಮುಂದಿನ ಅಂಚಿಗೆ ಕೂರಿಸಿದ ಲೈಟ್ ಬಾರ್ 85 ಮಿ.ಮೀ. ಒಟ್ಟು ಸುಮಾರು 2120. ಹೀಗೆ ಬಿಡಿಬಿಡಿಯಾಗಿ ಕೂಡಿಸಿದ್ದನ್ನು ನಂಬಬೇಡಿ, ನಿಲ್ಲಿಸಿ ಅಳೆಯಿರಿ: ಗಾಡಿ ಖಾಲಿ, ಟೈರಿನಲ್ಲಿ ರಸ್ತೆಗೆ ಹಾಕುವಷ್ಟೇ ಗಾಳಿ (ನಮ್ಮದಕ್ಕೆ 32 ಪಿಎಸ್‌ಐ), ರ‍್ಯಾಕಿನ ಮೇಲೆ ಅಡ್ಡಲಾಗಿ ಒಂದು ನೆಟ್ಟಗಿನ ಅಲ್ಯೂಮಿನಿಯಂ ಪಟ್ಟಿ, ಅದರ ತುದಿಯಿಂದ ನೆಲಕ್ಕೆ ಟೇಪು.

ಖಾಲಿ ಗಾಡಿಯನ್ನೇ ಅಳೆಯಬೇಕು ಎನ್ನಲು ಕಾರಣವಿದೆ. ದಾಂಡೇಲಿ, ಜೋಯಿಡಾ ಸುತ್ತಿ ಸಾಮಾನು ತುಂಬಿಕೊಂಡು ಬಂದ ಗಾಡಿಯ ಸ್ಪ್ರಿಂಗ್ ಕೂತಿರುತ್ತದೆ, ಬಾಗಿಲಲ್ಲಿ ಸಲೀಸಾಗಿ ಒಳಗೆ ಬರುತ್ತದೆ. ಒಳಗೆ ನಿಲ್ಲಿಸಿ ಸಾಮಾನು ಇಳಿಸಿದ ಮೇಲೆ ಹಿಂಭಾಗ 20–25 ಮಿ.ಮೀ. ಏಳುತ್ತದೆ. ಮರುದಿನ ಹೊರಗೆ ತೆಗೆಯುವಾಗ ರ‍್ಯಾಕ್ ಲಿಂಟಲ್ಲಿಗೆ ತಾಗುತ್ತದೆ. ತುಂಬಿದ ಗಾಡಿಯನ್ನೇ ಅಳೆದಿದ್ದರೆ ಈ 25 ಮಿ.ಮೀ. ಕೂಡಿಸಿಕೊಳ್ಳಿ.

ಇನ್ನು ಬಾಗಿಲು. ನೆಲದಿಂದ ಲಿಂಟಲ್ ತಳಕ್ಕೆ 7 ಫೂಟು, 2130 ಮಿ.ಮೀ. ಶಟರ್ ಪೂರ್ತಿ ಎತ್ತಿದರೂ ಕೀಲಿ ಹಾಕುವ ತಳದ ಪಟ್ಟಿ ಲಿಂಟಲ್‌ಗಿಂತ 140 ಮಿ.ಮೀ. ಕೆಳಗೇ ನೇತಾಡುತ್ತಿತ್ತು. ಉಳಿದದ್ದು 1990. ಇದು ಬಹಳ ಮನೆಗಳಲ್ಲಿ ಇರುವ ತೊಂದರೆ. ಶಟರ್ ಕೂಡಿಸುವವರು ಅದು ಸುತ್ತಿಕೊಳ್ಳುವ ಡ್ರಮ್ಮಿಗೆ ಕೈಗೆ ಎಟುಕುವ ಎತ್ತರದಲ್ಲಿ ಬ್ರಾಕೆಟ್ ಹೊಡೆದು ಮುಗಿಸುತ್ತಾರೆ. ಸಣ್ಣ ಕಾರಿಗೆ ಅದು ಗೊತ್ತೇ ಆಗುವುದಿಲ್ಲ.

ಈಗ ಇಳಿಜಾರಿನ ವಿಷಯ, ಎಲ್ಲರೂ ಎಡವುವ ಜಾಗ ಇದೇ. ನಮ್ಮ ಕಡೆ ರಸ್ತೆಗೆ ಡಾಂಬರು ಹಾಕುವಾಗ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಹಾಕುತ್ತ ಹೋಗುತ್ತಾರೆ. ಕಟ್ಟಿದಾಗ ರಸ್ತೆಗಿಂತ ಎತ್ತರವಿದ್ದ ಗ್ಯಾರೇಜಿನ ನೆಲ ಹದಿನೈದು ವರ್ಷದಲ್ಲಿ 60 ಮಿ.ಮೀ. ಕೆಳಗೆ ಹೋಗಿತ್ತು. ಅಂಗಳವನ್ನು ರಸ್ತೆಯ ಮಟ್ಟಕ್ಕೆ ಏರಿಸಿ, ಬಾಗಿಲ ಹತ್ತಿರದ ಎರಡು ಫೂಟಿನಲ್ಲಿ ಆ 60 ಮಿ.ಮೀ. ಇಳಿಸಿದ್ದರು. ಮುಂದಿನ ಗಾಲಿ ಒಳಗಿನ ನೆಲದ ಮೇಲೆ, ಹಿಂದಿನ ಗಾಲಿ ಇನ್ನೂ ಮೇಲೆ ಇದ್ದಾಗ ಗಾಡಿ ಮೂತಿ ತಗ್ಗಿಸಿ ಬೆನ್ನೆತ್ತಿ ನಿಲ್ಲುತ್ತದೆ, ಸರಿಯಾಗಿ ಲಿಂಟಲ್ ಕೆಳಗೆ. ಇಳಿಜಾರಿನ ಬುಡ ಲಿಂಟಲ್ ಕೆಳಗೇ ಇದ್ದು, ಇಳಿಜಾರು ಅರ್ಧ ವೀಲ್‌ಬೇಸಿಗಿಂತ ಉದ್ದ ಇದ್ದರೆ, ಅತಿ ಹೆಚ್ಚು ಏರುವ ಪ್ರಮಾಣ: ವೀಲ್‌ಬೇಸ್ ಗುಣಿಸು ಇಳಿಜಾರು, ಭಾಗಿಸು 4. ಥಾರಿಗೆ 6ಕ್ಕೆ 1ರ ಇಳಿಜಾರಿನಲ್ಲಿ 102 ಮಿ.ಮೀ., 10ಕ್ಕೆ 1ರಲ್ಲಿ 61, 20ಕ್ಕೆ 1ರಲ್ಲಿ 31. ನಮ್ಮ ಹಳೆಯ ಎರಡು ಫೂಟಿನ ಇಳಿಕೆ ಗಿಡ್ಡದ್ದಾದ್ದರಿಂದ ಸೂತ್ರ ಪೂರ್ತಿ ಅನ್ವಯಿಸುವುದಿಲ್ಲ. ಹಿಂದಿನ ಗಾಲಿ ಇಳಿಜಾರಿನ ನೆತ್ತಿಯಲ್ಲಿದ್ದಾಗ 60 × 1850 ÷ 2450, ಅಂದರೆ 45 ಮಿ.ಮೀ. ಅಲ್ಲೇ ಹೋಗುತ್ತಿತ್ತು.

ಸೂತ್ರ ಅನ್ವಯಿಸುವ ಉದ್ದ ಇಳಿಜಾರಿನಲ್ಲಿ ಈ ಏರಿಕೆ ಗರಿಷ್ಠವಾಗುವುದು ಎರಡೂ ಗಾಲಿಗಳ ನಡುಮಧ್ಯದ ಜಾಗ ಲಿಂಟಲ್ ಕೆಳಗೆ ಬಂದಾಗ. ಥಾರಿನಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮುಂಗಾಜಿನ ಮೇಲಂಚು ಬರುತ್ತದೆ, ಅಲ್ಲೇ ನಾವೆಲ್ಲ ಲೈಟ್ ಬಾರ್ ಕೂರಿಸುತ್ತೇವೆ. ರಿವರ್ಸ್‌ನಲ್ಲಿ ಹೋದರೂ ಇದರಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಮೊದಲು ಮಾಡಿದ ಕೆಲಸ ಸ್ಪ್ಯಾನರ್ ಹಿಡಿದು ಲೈಟ್ ಬಾರನ್ನು ಮುಂದಿನ ಬಂಪರಿಗೆ ಇಳಿಸಿದ್ದು. ಒಂದು ಪೈಸೆ ಖರ್ಚಿಲ್ಲದೆ 85 ಮಿ.ಮೀ. ಬಂತು. ಗಾಡಿ 2035ಕ್ಕೆ ಇಳಿಯಿತು. ಧೂಳಿನಲ್ಲಿ ಮೇಲಿನ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಕೆಳಗಿದ್ದರೇ ಚೆನ್ನ.

ಉಳಿದ ದಾರಿ ಎರಡು: ಲಿಂಟಲ್ ಎತ್ತುವುದು, ಇಲ್ಲವೆ ನೆಲ ಇಳಿಸುವುದು. ಲಿಂಟಲ್ ಒಡೆಯುವ ಮಾತನ್ನು ಇಂಜಿನಿಯರ್ ನೋಡದೆ ಯಾರೂ ಆಡಬಾರದು. ಮೇಲೆ ಗೋಡೆಯ ಭಾರ ಕೂತಿರುತ್ತದೆ, ಕೆಲವು ಮನೆಗಳಲ್ಲಿ ಲಿಂಟಲ್ ಅಂದುಕೊಂಡದ್ದು ಸ್ಲ್ಯಾಬ್ ಹೊತ್ತ ಭೀಮ್ (ಕಾಂಕ್ರೀಟ್ ತೊಲೆ) ಆಗಿರುತ್ತದೆ. ನಾವು ನೆಲ ಇಳಿಸಿದೆವು.

ಎಷ್ಟು ಇಳಿಸಬಹುದು ಎಂಬುದನ್ನು ಹೊಸ್ತಿಲ ಕೆಳಗಿನ ಪ್ಲಿಂತ್ ಭೀಮ್ (ಅಡಿಪಾಯದ ಮೇಲಿನ ಕಾಂಕ್ರೀಟ್ ತೊಲೆ) ಹೇಳುತ್ತದೆ. ಪೂರ್ತಿ ಅಗೆಯುವ ಮೊದಲು ಬಾಗಿಲ ಮಧ್ಯದಲ್ಲಿ ಒಂದು ಫೂಟಿನ ಚೌಕ ತೆಗೆದು ನೋಡಿ. ನೆಲಕ್ಕೆ ಹಾಸಿದ್ದ ಶಹಾಬಾದಿ ಫರ್ಸಿ ಕಲ್ಲು ಎಬ್ಬಿಸಿ 130 ಮಿ.ಮೀ. ಇಳಿಯುವಷ್ಟರಲ್ಲಿ ಸನಿಕೆ ಠಣ್ ಎಂದಿತು. ಗೌಂಡಿ, ‘ಭೀಮ್ ಐತ್ರಿ ಸರ, ಸ್ವಲ್ಪ ಕೆತ್ತಲೇನ್ರಿ?’ ಎಂದ. ಕೆತ್ತುವ ಹಾಗಿಲ್ಲ, ಅದರೊಳಗಿನ ಕಬ್ಬಿಣ ಮೇಲಿನ ಅಂಚಿನಿಂದ ಬರೀ ಒಂದು ಇಂಚಿನ ಒಳಗಿರುತ್ತದೆ. ಭೀಮ್ ಮೇಲೆ 40 ಮಿ.ಮೀ. ಕಾಂಕ್ರೀಟ್ ಬೇಕೇ ಬೇಕು, ಹಾಗಾಗಿ ಇಳಿಸಲು ಸಿಕ್ಕದ್ದು 90 ಮಿ.ಮೀ.

ಅಗೆಯುವ ಮೊದಲು ಇನ್ನೊಂದು ಪರೀಕ್ಷೆ, ನೀರಿನ ಟಾಕಿ. ನಮ್ಮ ಊರಿನ ಮನೆಗಳಲ್ಲಿ ನೆಲದೊಳಗಿನ ಟಾಕಿ ಇರುವುದೇ ಅಂಗಳದಲ್ಲಿ ಅಥವಾ ಗಾಡಿ ನಿಲ್ಲಿಸುವಲ್ಲಿ. ಅದರ ಮುಚ್ಚಳದ ಸ್ಲ್ಯಾಬ್ ಇಳಿಸಲು ಬರುವುದಿಲ್ಲ. ಬಂಪರು, ವಿಂಚು, ರ‍್ಯಾಕು ಎಲ್ಲ ಸೇರಿ ಎರಡು ಟನ್ನಿನ ಹತ್ತಿರ ತೂಗುವ ಗಾಡಿಯ ಗಾಲಿ ಅದರ ಮೇಲೆ ಹರಿಯಲೂಬಾರದು. ನಮ್ಮದು ಗೇಟಿನ ಎಡ ಮೂಲೆಯಲ್ಲಿತ್ತು, ಬಚಾವಾದೆವು. ಆದರೂ ಬಾಯಿಯ ಸುತ್ತ 75 ಮಿ.ಮೀ. ಕಟ್ಟೆ ಏರಿಸಿದೆವು. ಇಳಿಜಾರು ಮಾಡಿದ ಮೇಲೆ ಮಳೆನೀರು ಹರಿಯುವ ದಿಕ್ಕೇ ಬದಲಾಗುತ್ತದೆ, ಕುಡಿಯುವ ನೀರಿಗೆ ಗಾಲಿಯ ಕೆಸರು ಸೇರಿದರೆ ಮನೆಯವರು ಗಾಡಿಯನ್ನೇ ಮಾರಿಸುತ್ತಾರೆ.

ನೆಲದ ಕೆಳಗೆ ಇದ್ದದ್ದು ಎರಿ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಇದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಎರಡನೇ ವರ್ಷಕ್ಕೆ ನಡುವೆ ಉಬ್ಬಿ ಸೀಳುತ್ತದೆ. ಆ ಉಬ್ಬು ನೀವು ಕಷ್ಟಪಟ್ಟು ಗಳಿಸಿದ ಎತ್ತರವನ್ನೇ ತಿನ್ನುತ್ತದೆ. ಧಾರವಾಡದ ಕೆಂಪು ಮಣ್ಣಿನ ದಿಬ್ಬದ ಮೇಲೆ ಮನೆ ಇದ್ದವರಿಗೆ ಈ ಕಾಟ ಕಡಿಮೆ. ಗದಗ, ನರಗುಂದ, ನವಲಗುಂದದ ಕಡೆಯವರು ಮುಂದಿನ ಕ್ರಮವನ್ನು ಬಿಡಲೇಬಾರದು. ಹೊಸ ಕಾಂಕ್ರೀಟಿನ ಕೆಳಗೆ 250 ಮಿ.ಮೀ. ಎರಿ ತೆಗೆದು ಗರಸು (ಹರಳು ಬೆರೆತ ಗಟ್ಟಿ ಮಣ್ಣು) ತುಂಬಿಸಿದೆವು. ನೆಲ 3 ಮೀಟರ್ × 4.9 ಮೀಟರ್. ಎರಡು ಟ್ರ್ಯಾಕ್ಟರ್ ಗರಸು ಬೇಕಾಯಿತು. ಒಂದೇ ಸಲ ಸುರಿದು ಮೇಲೆ ನೀರು ಬಿಟ್ಟರೆ ಅದು ಗಟ್ಟಿಯಾಗುವುದಿಲ್ಲ. ಮೂರು ಪದರ ಮಾಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವಷ್ಟು ಮಾತ್ರ ನೀರು ಚಿಮುಕಿಸಿ, ಬಾಡಿಗೆಯ ಪ್ಲೇಟ್ ಕಾಂಪ್ಯಾಕ್ಟರ್‌ನಿಂದ ಪ್ರತಿ ಪದರವನ್ನೂ ನಾಲ್ಕು ಸಲ ಬಡಿಸಬೇಕು. ಕಂಬದ ಬುಡ ಮತ್ತು ಪ್ಲಿಂತ್ ಭೀಮಿನ ತಳದ ಮಣ್ಣು ಮುಟ್ಟಬೇಡಿ. ಅಲ್ಲಿಂದ ಒಂದು ಫೂಟು ಬಿಟ್ಟು ಓರೆಯಾಗಿ ಅಗೆಯಿಸಿ.

ಗರಸಿನ ಮೇಲೆ 75 ಮಿ.ಮೀ. 1:4:8 (ಸಿಮೆಂಟು, ಮರಳು, ಖಡಿ) ಬೆಡ್, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 125 ಮಿ.ಮೀ. 1:1.5:3 ಕಾಂಕ್ರೀಟ್. 8 ಮಿ.ಮೀ. ಕಬ್ಬಿಣ ಎರಡೂ ಕಡೆ 200 ಮಿ.ಮೀ.ಗೆ ಒಂದರಂತೆ, ಸುಮಾರು 60 ಕೆ.ಜಿ. ಬೆಡ್ಡಿಗೆ 4 ಚೀಲ, ಮೇಲಿನದಕ್ಕೆ 15 ಚೀಲ ಸಿಮೆಂಟು. ಸ್ಲ್ಯಾಬ್ ಗೋಡೆಗೂ ಭೀಮಿಗೂ ಅಂಟಿಕೊಳ್ಳಬಾರದು. ಸುತ್ತ 12 ಮಿ.ಮೀ. ಥರ್ಮಾಕೋಲ್ ಪಟ್ಟಿ ಇಟ್ಟು, ಒಣಗಿದ ಮೇಲೆ ಮೇಲಿನ ಅರ್ಧ ಇಂಚು ಕೆತ್ತಿ ಡಾಂಬರಿನ ಸೀಲಂಟ್ ತುಂಬಿಸಿದೆವು. ಭೀಮ್ ಮೇಲಿನ 40 ಮಿ.ಮೀ. ಪಟ್ಟಿ ಬೇರೆಯೇ ಕೆಲಸ: ಭೀಮಿನ ಮೇಲ್ಮೈಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆದು, ಸಿಮೆಂಟಿನ ಹಾಲು ಬಳಿದು, ಅದು ಹಸಿ ಇರುವಾಗಲೇ ಸಣ್ಣ ಖಡಿಯ ಕಾಂಕ್ರೀಟ್, ನಡುವೆ ವೆಲ್ಡ್‌ಮೆಶ್ (ಬೆಸೆದ ತಂತಿಯ ಜಾಲರಿ). ಹಾಲು ಒಣಗಿದ ಮೇಲೆ ಹಾಕಿದರೆ ಈ ಪಟ್ಟಿ ಹಪ್ಪಳದಂತೆ ಎದ್ದು ಬರುತ್ತದೆ. ಹತ್ತು ದಿನ ನೀರು ಹಿಡಿಸಿ, ಇಪ್ಪತ್ತೆಂಟನೇ ದಿನ ಗಾಡಿ ತಂದೆವು. ಫರ್ಸಿ ಮತ್ತೆ ಹಾಕಿಸಲಿಲ್ಲ. ಅದರ ದಪ್ಪವೂ ಎತ್ತರ ತಿನ್ನುತ್ತದೆ, ಜಾಕ್ ಇಟ್ಟಲ್ಲಿ ಒಡೆಯುತ್ತದೆ.

ಈಗ ನೆಲ ರಸ್ತೆಗಿಂತ 150 ಮಿ.ಮೀ. ಕೆಳಗೆ. ಹಳೆಯ ಗಿಡ್ಡ ಇಳಿಕೆಯಲ್ಲೇ ಇದನ್ನು ಇಳಿಸಿದ್ದರೆ 113 ಮಿ.ಮೀ. ಏರಿಕೆ ಬಂದು, ಇಳಿಸಿದ 90 ಮಿ.ಮೀ.ನಲ್ಲಿ 68 ಅಲ್ಲೇ ಹೋಗುತ್ತಿತ್ತು. ಅದಕ್ಕೆ ಗೇಟಿನಿಂದ ಬಾಗಿಲವರೆಗಿನ 3 ಮೀಟರ್ ಅಂಗಳ ಪೂರ್ತಿ ಒಡೆದು 20ಕ್ಕೆ 1ರ ಒಂದೇ ಇಳಿಜಾರು ಮಾಡಿಸಿದೆವು. ಹೆಚ್ಚು ಆಳಕ್ಕೆ ಇಳಿದರೂ ಏರಿಕೆ 45ರಿಂದ 31ಕ್ಕೆ ಬಂತು. ಮಟ್ಟ ಹಿಡಿಯಲು ನೀರು ತುಂಬಿದ ಪಾರದರ್ಶಕ ಪೈಪೇ ಸಾಕು, ಒಳಗೆ ಗುಳ್ಳೆ ಇರದಂತೆ ನೋಡಿಕೊಳ್ಳಿ. ಮೇಲ್ಮೈಗೆ ಕಸಬರಿಗೆ ಎಳೆಸಿ ಒರಟು ಬಿಡಿಸಿ. ಗೇಟಿನ ಹೊರಗೆ ರಸ್ತೆಗೆ ಚಾಚುವ ರ‍್ಯಾಂಪ್ ಮಾಡಿಸಬೇಡಿ. ಆ ಜಾಗ ನಿಮ್ಮದಲ್ಲ, ಗಟಾರ ಸ್ವಚ್ಛ ಮಾಡಲು ಬಂದ ದಿನ ಒಡೆಯುತ್ತಾರೆ.

ರಸ್ತೆಗಿಂತ ತಗ್ಗಿದ ಗ್ಯಾರೇಜು ಎಂದರೆ ಮಳೆನೀರನ್ನು ಕರೆದು ಕೂರಿಸಿದಂತೆ. ಭೀಮಿನ ಹೊರಗಂಚಿಗೆ ತಾಗಿ 200 ಮಿ.ಮೀ. ಅಗಲ, 150 ಮಿ.ಮೀ. ಆಳದ ಅಡ್ಡ ಕಾಲುವೆ, ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಭಾರ ಹೊರುವ ಪಟ್ಟಿಗಳು ಕಾಲುವೆಯ ಅಗಲಕ್ಕೆ, ಅಂದರೆ ಗಾಡಿ ಹೋಗುವ ದಿಕ್ಕಿನಲ್ಲೇ ಇರಬೇಕು, ಚೌಕಟ್ಟು ನಾಲ್ಕು ಕಡೆ ಕಾಂಕ್ರೀಟಿನಲ್ಲಿ ಹುಗಿದಿರಬೇಕು. ಬರೀ ಇಟ್ಟರೆ ಮಡ್ ಟೈರು ಅದನ್ನು ಕಚ್ಚಿ ಎತ್ತಿ ಒಗೆಯುತ್ತದೆ. ಅಲ್ಲಿಂದ 4 ಇಂಚಿನ ಪಿವಿಸಿ ಪೈಪು 100ಕ್ಕೆ 1ರ ಇಳಿತದಲ್ಲಿ ರಸ್ತೆ ಬದಿಯ ಗಟಾರಕ್ಕೆ. ಪೈಪು ಹೊರಬೀಳುವ ಜಾಗ ರಸ್ತೆಗಿಂತ 335 ಮಿ.ಮೀ. ಕೆಳಗೆ ಬಂತು, ಗಟಾರದ ಆಳ 450 ಇದ್ದದ್ದರಿಂದ ನಡೆಯಿತು. ಗಟಾರ ಅದಕ್ಕಿಂತ ಮೇಲಿದ್ದರೆ ನೆಲ ಇಳಿಸುವ ಯೋಚನೆಯನ್ನೇ ಬಿಡಿ, ಅಥವಾ ಗುಂಡಿ ಮಾಡಿ ಪಂಪಿಡಿ. ತುದಿಗೆ ಹಿಮ್ಮುಖ ನೀರು ತಡೆಯುವ ಫ್ಲ್ಯಾಪ್ ವಾಲ್ವ್ ಇಲ್ಲದಿದ್ದರೆ ಗಟಾರ ತುಂಬಿದ ದಿನ ಊರ ನೀರು ಒಳಗೆ ಬರುತ್ತದೆ. ಪೈಪಿಗಿಂತ ಮೊದಲು ಒಂದು ಫೂಟಿನ ಚೌಕದ ಕೆಸರು ಗುಂಡಿ ಇರಲಿ. ಗಾಲಿಯಿಂದ ಉದುರುವ ಎರಿ ಮಣ್ಣು ಒಣಗಿದರೆ ಪೈಪಿನಲ್ಲಿ ಇಟ್ಟಿಗೆಯಾಗುತ್ತದೆ.

ಶಟರ್ ಕೆಲಸ ಅರ್ಧ ದಿನದ್ದು. ಲಿಂಟಲ್ಲಿಗೂ ಸ್ಲ್ಯಾಬಿಗೂ ನಡುವೆ ಒಳಗಡೆ 2 ಫೂಟು ಇತ್ತು. ಗೋಕುಲ ರಸ್ತೆಯ ಕಡೆಯ ಫ್ಯಾಬ್ರಿಕೇಟರ್ ಒಬ್ಬರನ್ನು ಕರೆಸಿ ಡ್ರಮ್ಮಿನ ಬ್ರಾಕೆಟ್‌ಗಳನ್ನು 120 ಮಿ.ಮೀ. ಮೇಲೆ ಸರಿಸಿದೆವು. ನೆಲ 90 ಇಳಿದದ್ದೂ ಸೇರಿ ಪರದೆ 210 ಮಿ.ಮೀ. ಗಿಡ್ಡವಾಯಿತು. 75 ಮಿ.ಮೀ.ಯ ಮೂರು ಪಟ್ಟಿ ಸೇರಿಸಿ, ಪಕ್ಕದ ಗೈಡ್ ಚಾನಲ್ ಕೆಳಕ್ಕೂ ಮೇಲಕ್ಕೂ ಬೆಸೆದರು. ಪಟ್ಟಿ ಸೇರಿಸಿದ ಮೇಲೆ ಸ್ಪ್ರಿಂಗ್ ಬಿಗಿ ಮಾಡಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎತ್ತಿದ ಶಟರ್ ತಾನಾಗಿ ಒಂದೊಂದೇ ಇಂಚು ಜಾರಿ, ಗಾಡಿ ಅರ್ಧ ದಾಟಿದಾಗ ರ‍್ಯಾಕಿನ ಮೇಲೆ ಕೂರುತ್ತದೆ. ನಾವು ಚಾನಲ್ಲಿಗೆ ತೂತು ಕೊರೆದು ಸರಪಳಿ ಕಟ್ಟಿದ 10 ಮಿ.ಮೀ. ಪಿನ್ ಇಟ್ಟಿದ್ದೇವೆ. ಪಿನ್ ಹಾಕದೆ ಗಾಡಿ ಅಲುಗಿಸುವುದಿಲ್ಲ.

ಕೊನೆಯ ಲೆಕ್ಕ: ಲಿಂಟಲ್ 2220, ತಳದ ಪಟ್ಟಿ ನೇತಾಡುವುದು 20, ಉಳಿದದ್ದು 2200. ಖಾಲಿ ಗಾಡಿ 2035, ಇಳಿಜಾರಿಗೆ 31, ಒಟ್ಟು 2066. ಕೈಯಲ್ಲಿ 134. ಮೊದಲ ಸಲ ಒಯ್ಯುವಾಗ ಲಿಂಟಲ್ಲಿಗೆ ಉದ್ದಕ್ಕೂ 4 ಇಂಚು ದಪ್ಪದ ಥರ್ಮಾಕೋಲ್ ಪಟ್ಟಿ ಅಂಟಿಸಿ, ಒಬ್ಬರು ಪಕ್ಕದಲ್ಲಿ ನಿಂತು ನೋಡುತ್ತ, 4 ಲೋ (ನಾಲ್ಕೂ ಗಾಲಿ ಎಳೆಯುವ ಅತಿ ನಿಧಾನದ) ಗೇರಿನಲ್ಲಿ ಬ್ರೇಕ್ ಹಿಡಿದು ತೆವಳಿಸಿ. ನಮ್ಮ ಪಟ್ಟಿಯ ಮೇಲೆ ರ‍್ಯಾಕಿನ ಮುಂದಿನ ಅಡ್ಡ ಪೈಪು ಒಂದು ಗೆರೆಯನ್ನೂ ಎಳೆಯಲಿಲ್ಲ. ಕೊರೆದಿದ್ದರೆ ಇಳಿಜಾರಿನಲ್ಲಿ ಎಲ್ಲೋ ಉಬ್ಬು ಉಳಿದಿದೆ ಎಂದು ತಿಳಿಯಬೇಕಿತ್ತು.

ಉದ್ದದ ಬಗ್ಗೆ ಎರಡೇ ಮಾತು. ಥಾರ್ 3985 ಮಿ.ಮೀ., ವಿಂಚ್ ಬಂಪರು ಮತ್ತು ದೊಡ್ಡ ಸ್ಟೆಪ್ನಿ ಸೇರಿ ನಮ್ಮದು 4.3 ಮೀಟರ್, ಗ್ಯಾರೇಜಿನ ಒಳಗೆ 4.9. ಹಿಂಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಒಳಗೆ ಶಟರ್ ಮುಚ್ಚಿಕೊಂಡು ಸಾಮಾನು ತೆಗೆಯಲು ಆಗದು. ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಶಟರ್ ಎತ್ತಿ ಅಂಗಳದಿಂದ ತೆಗೆಯಬಹುದು. ಗಾಲಿ ತಡೆಗೆ 4 ಇಂಚಿನ ಕಟ್ಟೆ ಸಾಲದು, ಈ ಟೈರು ಅದನ್ನು ಕಲ್ಲು ಹತ್ತಿದ ಹಾಗೆ ಹತ್ತಿ ಬಂಪರನ್ನು ಗೋಡೆಗೆ ಕೊಡುತ್ತದೆ. ನಾವು 7 ಇಂಚು ಹಾಕಿಸಿದೆವು. ಯಾವತ್ತಾದರೂ ರ‍್ಯಾಕಿನ ಮೇಲೆ ಏನಾದರೂ ಇದ್ದು ಒಳಗೆ ಸಿಕ್ಕಿಕೊಂಡರೆ ನಾಲ್ಕೂ ಟೈರಿನ ಗಾಳಿ 15 ಪಿಎಸ್‌ಐಗೆ ಇಳಿಸಿ. ಒಂದೂವರೆ ಸೆಂ.ಮೀ.ವರೆಗೆ ಸಿಗುತ್ತದೆ, ನಿಧಾನ ಹೊರಗೆ ತೆಗೆದು ಮತ್ತೆ ತುಂಬಿಸಿ. ಅದಕ್ಕಾಗಿ ಏರ್ ಕಂಪ್ರೆಸರ್ ಗಾಡಿಯೊಳಗೆ ಇರದೆ ಗ್ಯಾರೇಜಿನ ಗೋಡೆಯ ಮೊಳೆಗೆ ನೇತುಬಿದ್ದಿದೆ.