ಗೋಧಿ ಬೀಜಕ್ಕೆ ಮೇ ತಿಂಗಳ ಬಿಸಿಲೇ ಮದ್ದು

ಕಲಬುರಗಿಯ ಬಿಸಿಲನ್ನು ಬೈಯದವರಿಲ್ಲ. ಆದರೆ ಮನೆಯ ಗೋಧಿಯನ್ನೇ ಬೀಜಕ್ಕೆ ಎತ್ತಿಡುವ ರೈತರಿಗೆ ಅದು ಪುಕ್ಕಟೆ ಔಷಧ. ಕಾಡಿಗೆ ರೋಗಕ್ಕೆ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಈ ರೋಗ ಬಂದ ತೆನೆ ಹೊಡೆಯಿಂದ ಹೊರಬರುವಾಗಲೇ ಕಾಳಿನ ಜಾಗದಲ್ಲಿ ಕರಿ ಪುಡಿ ತುಂಬಿರುತ್ತದೆ. ಮುಟ್ಟಿದರೆ ಬೆರಳಿಗೆ ಕಾಡಿಗೆಯಂತೆ ಅಂಟುತ್ತದೆ. ಕೆಲವೇ ದಿನಗಳಲ್ಲಿ ಪುಡಿ ಗಾಳಿಗೆ ಹಾರಿ, ಬರೀ ಕಡ್ಡಿ ಉಳಿಯುತ್ತದೆ. ಹಾರಿದ ಪುಡಿ ಪಕ್ಕದ ತೆನೆಗಳ ಹೂವಿನ ಮೇಲೆ ಬಿದ್ದು, ಬಲಿಯುತ್ತಿರುವ ಕಾಳಿನ ಒಳಗೆ ಸೇರಿಕೊಳ್ಳುತ್ತದೆ. ಆ ಕಾಳು ನೋಡಲು ಚೆನ್ನಾಗಿಯೇ ಇರುತ್ತದೆ. ಮೊರದಲ್ಲಿ ಎಷ್ಟು ಕೇರಿದರೂ ಬೇರೆಯಾಗುವುದಿಲ್ಲ. ಮುಂದಿನ ಹಿಂಗಾರಿಯಲ್ಲಿ ಬಿತ್ತಿದರೆ ರೋಗವೂ ಸಸಿಯ ಜೊತೆಗೇ ಬೆಳೆಯುತ್ತದೆ.

ಹಿಂದೆ ಇದಕ್ಕೆ ಬಿಸಿನೀರಿನ ಉಪಚಾರ ಮಾಡುತ್ತಿದ್ದರು. ಬಿಸಿ ಸ್ವಲ್ಪ ಜಾಸ್ತಿಯಾದರೆ ಬೀಜ ಸಾಯುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಮನೆಯಲ್ಲಿ ಆಗುವ ಕೆಲಸವಲ್ಲ ಅದು. 1930ರ ದಶಕದಲ್ಲಿ ಆಗಿನ ಪಂಜಾಬಿನ ಲಾಯಲ್‌ಪುರದಲ್ಲಿ ವಿಜ್ಞಾನಿ ಜೆ.ಸಿ. ಲೂಥ್ರಾ ಬಿಸಿಲಿನಿಂದಲೇ ಈ ಕೆಲಸ ಮಾಡಿ ತೋರಿಸಿದರು.

ಮೇ ತಿಂಗಳಲ್ಲಿ ಮೋಡವಿಲ್ಲದ, ಗಾಳಿ ಕಡಿಮೆ ಇರುವ ದಿನ ನೋಡಿಕೊಳ್ಳಿ. ಬೀದರ್ ಎತ್ತರದಲ್ಲಿದೆ, ಅಲ್ಲಿ ಬಿಸಿಲು ತುಸು ಕಡಿಮೆ. ಅಲ್ಲಿಯವರು ಉರಿ ಬಿಸಿಲಿನ ದಿನವನ್ನೇ ಕಾಯಬೇಕು. ಬೆಳಿಗ್ಗೆ 8ಕ್ಕೆ ಬೀಜವನ್ನು ತಣ್ಣೀರಿನಲ್ಲಿ ಮುಳುಗಿಸಿ. ತೇಲುವ ಜೊಳ್ಳು ತೆಗೆಯಿರಿ. 12ರವರೆಗೆ ನೆನೆಯಲಿ. ಗುಟ್ಟೆಲ್ಲ ಈ 4 ಗಂಟೆಯಲ್ಲಿದೆ. ಒಣ ಕಾಳಿನೊಳಗೆ ಮಲಗಿರುವ ಈ ರೋಗದ ಶಿಲೀಂಧ್ರ ಬಿಸಿಲಿಗೆ ಜಗ್ಗುವುದಿಲ್ಲ. ನೀರು ತಾಗಿದರೆ ಅದು ಎಚ್ಚರಗೊಳ್ಳುತ್ತದೆ, ಆಮೇಲೆ ಬಿಸಿ ತಡೆಯಲಾರದು. ಹಾಗಂತ ರಾತ್ರಿಯೆಲ್ಲ ನೆನೆಸಬೇಡಿ, ಬೀಜವೇ ಮೊಳೆಯಲು ಶುರುವಾಗುತ್ತದೆ.

12ಕ್ಕೆ ನೀರು ಬಸಿದು, ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲೋ ಮಾಳಿಗೆಯ ಮೇಲೋ ಹರಡಿ. ಕಾದ ಕಲ್ಲು ಕೆಳಗಿನಿಂದಲೂ ಸುಡುತ್ತದೆ. ಕಾಳಿನ ಮೇಲೆ ಕಾಳು ಬೀಳದಷ್ಟು ತೆಳ್ಳಗಿರಲಿ. 4 ಗಂಟೆಯವರೆಗೆ ಬಿಡಿ. ನಡುವೆ ಮೋಡ ಕವಿದರೆ ಆ ಬೀಜವನ್ನು ಬಿತ್ತನೆಗೆ ನಂಬಬೇಡಿ, ಒಣಗಿಸಿ ಹಿಟ್ಟು ಮಾಡಿಸಿ. ಅದಕ್ಕೇ ಒಂದು ದಿನಕ್ಕೆ ಒಂದು ಎಕರೆಯ ಬೀಜ, ಅಂದರೆ 40–50 ಕಿಲೋ ಸಾಕು.

ಮರುದಿನವೂ ಒಣಗಿಸಿ. ಹಲ್ಲಿಗೆ ಹಾಕಿದರೆ ಕಟ್ ಅನ್ನಬೇಕು, ತೇವಾಂಶ ಶೇ 12 ಮೀರಬಾರದು. ನಂತರ ಚೀಲಕ್ಕೆ ತುಂಬಿ ಹಲಗೆಯ ಮೇಲಿಡಿ.

ಅಕ್ಟೋಬರ್‌ನಲ್ಲಿ 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. 85ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ತನ್ನಿ.

ಬೇಸಿಗೆ ತಪ್ಪಿಸಿಕೊಂಡವರು ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 2.5 ಗ್ರಾಂ ಕಾರ್ಬಾಕ್ಸಿನ್ ಎಂಬ ಶಿಲೀಂಧ್ರನಾಶಕ ಲೇಪಿಸಬಹುದು. ಅದು ಕಾಳಿನ ಒಳಗೂ ಇಳಿಯುತ್ತದೆ. ಆದರೆ ಲೇಪಿಸಿ ಉಳಿದ ಬೀಜ ಜನಕ್ಕೂ ಬೇಡ, ದನಕ್ಕೂ ಬೇಡ.

ತೆನೆ ಬರುವ ಹೊತ್ತಿಗೆ ಹೊಲವೆಲ್ಲ ಓಡಾಡಿ. ರೋಗದ ತೆನೆ ಉಳಿದವುಗಳಿಗಿಂತ ಸ್ವಲ್ಪ ಮೊದಲೇ ಬರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ, ಆಮೇಲೆ ಗಿಡ ಕಿತ್ತು ಸುಟ್ಟುಬಿಡಿ. ಸುಮ್ನೆ ಕಿತ್ತು ಬದುವಿಗೆ ಎಸೆದರೆ ಪುಡಿ ಮತ್ತೆ ಹೂವಿಗೇ ಬೀಳುತ್ತದೆ, ಅಲ್ವಾ?