ವೈನ್‌ಗೆ ಸಲ್ಫೈಟ್ ಕಡಿಮೆ ಹಾಕೋದು ಹೇಗೆ

ಸಲ್ಫೈಟ್ ಅಂದ್ರೆ ವೈನ್ ಕೆಡದಂತೆ ಹಾಕುವ ಪುಡಿ. ಮೊದಲು ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಹೆಚ್ಚು) ನೋಡಿ. ಅಳತೆ ಇಲ್ಲದೆ ಸುಮ್ನೆ ಚಮಚದಲ್ಲಿ ಪುಡಿ ಸುರಿಯೋದೇ ತಪ್ಪು. ಪಿಎಚ್ 3.8 ಇದ್ದರೆ ಲೀಟರಿಗೆ ಸುಮಾರು 80 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ (ಪುಡಿಯಿಂದ ವೈನ್‌ಗೆ ಬಂದು ಅದನ್ನು ಕಾಯುವ ವಸ್ತು) ಮಾಡುವ ಕೆಲಸವನ್ನು 3.4ರಲ್ಲಿ 32 ಮಿಲಿಗ್ರಾಂ ಮಾಡುತ್ತದೆ, ಅದಕ್ಕೇ ಹುದುಗುವ ಮುಂಚೆಯೇ ಟಾರ್ಟಾರಿಕ್ ಆಮ್ಲ ಹಾಕಿ ಪಿಎಚ್ ಇಳಿಸಿಕೊಳ್ಳಿ.

ಕೊಳೆತ ದ್ರಾಕ್ಷಿ ಆರಿಸಿ ಬಿಸಾಕಿ, ಅದರ ರಸ ಸಲ್ಫೈಟನ್ನೇ ನುಂಗುತ್ತದೆ. ಹುದುಗುವಾಗ ಪುಡಿ ಬೇಡ, ಪೂರ್ತಿ ನಿಂತ ಮೇಲೆ ಹಾಕಿ. 10 ಲೀಟರಿಗೆ 1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ಇದೇ ಆ ಪುಡಿ) ಅಂದ್ರೆ ಲೀಟರಿಗೆ ಸುಮಾರು 57 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಲೆಕ್ಕ.

ಆಮೇಲೆ ಗಾಳಿ. ಜಾಡಿ ಕಂಠದ ತನಕ ತುಂಬಿರಬೇಕು. ಒಮ್ಮೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೆ, ಹುಬ್ಬಳ್ಳಿಯ ಏಪ್ರಿಲ್ ಸೆಕೆಗೆ ಮೇಲೆ ಬಿಳಿ ಪೊರೆ ಕಟ್ಟಿ ವಿನೆಗರ್ ವಾಸನೆ! ಈಗ ತಂಪು ಕೋಣೆ ಇಲ್ಲದೆ ಕೈ ಹಾಕಲ್ಲ. ಸಿಹಿ ಉಳಿದ ವೈನ್‌ಗೆ ಮಾತ್ರ ಈ ಜಿಪುಣತನ ಬೇಡ, ಬಾಟಲಿಯಲ್ಲೇ ಮತ್ತೆ ಹುದುಗುತ್ತದೆ.